ಗಾಳಿ ಯಾರಪ್ಪನ ಆಸ್ತಿ?

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಹೆಸರು 'ಆಕಾಶವಾಣಿ'. 1950ರಲ್ಲಿ ಧಾರವಾಡ ಕೇಂದ್ರ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಹಳ್ಳಿಗಳಿಗೆ ವಾರ್ತೆ, ಕೃಷಿಯ ಮಾತು, ನಾಟಕ ತಂದದ್ದು ಅದರ ಮೀಡಿಯಂ ವೇವ್.

ಆದರೆ ಪೆಟ್ಟಿಗೆ ಇದ್ದದ್ದು ಯಾರ ಜಗಲಿ ಮೇಲೆ? ಅಡಿಕೆ ತೋಟದ ಒಡೆಯರದು. ದುಡ್ಡು ಕೊಟ್ಟು ಕೊಂಡರೂ ಸಾಲದು, 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಕೊನೆಕೊಯ್ಲಿಗೆ ಹೋದ ನಮ್ಮಜ್ಜ ಅಂಗಳದಲ್ಲಿ ನಿಂತು ಕೇಳಿದ. ಕಿವಿ ಅವನದು, ದನಿ ಬೇರೆಯವರದು.

1995ರಲ್ಲಿ ಸುಪ್ರೀಂ ಕೋರ್ಟು, ಗಾಳಿಯ ಅಲೆ ಸಾರ್ವಜನಿಕರ ಆಸ್ತಿ ಅಂದಿತು. ಸಾರ್ವಜನಿಕರು ಅಂದ್ರೆ ಯಾರು ಸ್ವಾಮಿ? 2001ರಲ್ಲಿ ಬೆಂಗಳೂರಲ್ಲಿ ರೇಡಿಯೋ ಸಿಟಿ ಬಾಯಿಬಿಟ್ಟಿತು. ದೇಶದ ಮೊದಲ ಖಾಸಗಿ ಎಫ್‌ಎಂ ಅದು. ರೈತನ ಮಾತಿದ್ದ ಜಾಗಕ್ಕೆ ಹಾಡು, ಹರಟೆ, ಜಾಹೀರಾತು ಬಂದವು. ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವಂತಿಲ್ಲ. ಎಫ್‌ಎಂ ಅಲೆಯೋ ನೆಟ್ಟಗೆ ಹೋಗುತ್ತೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತೆ. ನಮ್ಮ ಸೀಮೆಯಲ್ಲಿ ಗುಡ್ಡಕ್ಕೇನು ಬರವೇ?

2006ರಲ್ಲಿ ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸುವ ದಾರಿ ತೆರೆಯಿತು. ಅಲ್ಲೂ ಸ್ವಂತ ಸುದ್ದಿಗೆ ಬೀಗ. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯೂ ಬಂತು. ಯಲ್ಲಾಪುರದ ಕಾಡಿನ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರು. ಡಮಾಮಿ ಬಾರಿಸೋಕೆ ಅವರನ್ನ ಕರೆದರೆ ಸಾಲದು. 'ನನ್ನ ಭೂಮಿ ಅರ್ಜಿ ಏನಾಯ್ತು?' ಅಂತ ಸಿದ್ದಿ ಹೆಣ್ಣುಮಗಳು ಮೈಕಿನ ಮುಂದೆ ಕೇಳಬೇಕು.

ಗೆಳೆಯರೇ, ಕೇಳಿದ್ದು ಸಾಕು. ಇನ್ನು ಮೈಕು ಕೇಳೋಣ.