ಮೊಳದ ಆಳ, ಆಣೆಯ ಬೆಲೆ: ಮುಂಬಯಿ ಭೂಮಾಪನದಲ್ಲಿ ಮಣ್ಣಿನ ವರ್ಗೀಕರಣ

ಹತ್ತೊಂಬತ್ತನೆಯ ಶತಮಾನದ ಮುಂಬಯಿ ಪ್ರಾಂತದಲ್ಲಿ ರೂಪುಗೊಂಡು ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಲ್ಲಿ ಜಾರಿಗೆ ಬಂದ, 1863ರಿಂದ ಮೈಸೂರು ಸಂಸ್ಥಾನವೂ ಅನುಸರಿಸಿದ ಭೂಮಾಪನ ಪದ್ಧತಿಯು ಹೊಲದ ವಿಸ್ತೀರ್ಣದೊಂದಿಗೆ ಅದರ ಮಣ್ಣಿನ ತರವನ್ನೂ ಗೊತ್ತುಪಡಿಸಿತು. ತರವನ್ನು ಕಂದಾಯದ ದರದಿಂದ ಬೇರ್ಪಡಿಸಿದ್ದೇ ಈ ಪದ್ಧತಿಯ ಬಾಳಿಕೆಗೆ ಮುಖ್ಯ ಕಾರಣವೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಇದಕ್ಕೆ ಮೊದಲು, 1820ರ ದಶಕದ ಕೊನೆಯಲ್ಲಿ, ಪುಣೆ ಭಾಗದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪ್ರತಿಯೊಂದು ಬಗೆಯ ಮಣ್ಣಿನ ಸರಾಸರಿ ಇಳುವರಿಯಿಂದ ಸಾಗುವಳಿಯ ಖರ್ಚನ್ನು ಕಳೆದು, ಉಳಿದ ನಿವ್ವಳ ಉತ್ಪನ್ನದ ಶೇ. 55 ಭಾಗವನ್ನು ಕಂದಾಯವಾಗಿ ಲೆಕ್ಕಹಾಕಿದ್ದನು. ನಂಬಲರ್ಹವಲ್ಲದ ಅಂಕಿಗಳ ಮೇಲೆ ನಿಂತ ಆ ಲೆಕ್ಕ ವಿಫಲವಾಗಿ, ಹೊಲಗಳು ಬೀಳು ಬಿದ್ದವು. 1835ರಿಂದ ಅದೇ ಭಾಗದ ಇಂದಾಪುರದಲ್ಲಿ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ನಡೆಸಿದ ಮರುಮೋಜಣಿಯ ಅನುಭವವು 1847ರ ಜಂಟಿ ವರದಿಯಲ್ಲಿ ನಿಯಮಗಳ ರೂಪ ತಳೆಯಿತು.

ಆ ನಿಯಮಗಳು ಮಣ್ಣನ್ನು ಬಣ್ಣ ಮತ್ತು ಕಣರಚನೆಯ ಆಧಾರದಲ್ಲಿ ಮೂರು ಶ್ರೇಣಿಗಳಾಗಿ, ಅಂದರೆ ನುಣುಪಾದ ಕಪ್ಪು ಎರೆ, ಅದಕ್ಕಿಂತ ಒರಟಾದ ಕೆಂಪು ಮಣ್ಣು, ಗರಸು ಬೆರೆತ ತಿಳಿಬಣ್ಣದ ಸಡಿಲ ಮಣ್ಣು ಎಂದು ವಿಂಗಡಿಸಿ, ಆಳವನ್ನು ನೋಡಿ ಒಂಬತ್ತು ತರಗತಿಗಳಿಗೆ ಹಂಚಿದವು. 1¾ ಮೊಳ ಆಳದ ಎರೆಗೆ 16 ಆಣೆಯ ಪೂರ್ಣ ಬೆಲೆ. ಕೊನೆಯ ತರಗತಿಗೆ 2 ಆಣೆ ಮಾತ್ರ. ಸುಣ್ಣಕಲ್ಲಿನ ಹರಳು, ಮರಳಿನ ಬೆರಕೆ, ಇಳಿಜಾರು, ನೀರು ಇಂಗದಿರುವಿಕೆ, ಜವಳು ಮುಂತಾದವು ದೋಷಗಳೆನಿಸಿ, ಪ್ರತಿಯೊಂದು ದೋಷಕ್ಕೂ ಮಣ್ಣು ಒಂದು ತರಗತಿ ಕೆಳಗಿಳಿಯುತ್ತಿತ್ತು. ಹೀಗೆ ಒಂದು ಮೊಳ ಆಳದ ಎರೆ ನಾಲ್ಕನೆಯ ತರಗತಿಯಲ್ಲಿ 10 ಆಣೆಗೆ ನಿಂತರೆ, ಹರಳು ಮತ್ತು ಇಳಿಜಾರು ಎರಡೂ ಇದ್ದಾಗ ಆರನೆಯ ತರಗತಿಗೆ, 6 ಆಣೆಗೆ, ಇಳಿಯುತ್ತಿತ್ತು. ಹೊಲದ ನಕಾಶೆಯನ್ನು ಭಾಗಗಳಾಗಿ ಗೆರೆ ಹಾಕಿ, ಭಾಗಭಾಗವನ್ನೂ ಪರೀಕ್ಷಿಸಿ, ಸರಾಸರಿಯನ್ನು ಇಡೀ ಹೊಲದ ತರವೆಂದು ಹಿಡಿಯಲಾಗುತ್ತಿತ್ತು.

ಈ ಆಣೆಗಳು ಹಣವಲ್ಲ, ಹೊಲಹೊಲಗಳ ನಡುವಣ ಅನುಪಾತವನ್ನಷ್ಟೇ ಸೂಚಿಸುವ ಅಂಶಗಳು. 16 ಆಣೆಯ ಜಮೀನಿಗೆ ಅನ್ವಯಿಸುವ ಕಂದಾಯದ ಗರಿಷ್ಠ ದರವನ್ನು ಹವಾಮಾನ, ಪೇಟೆಯ ದೂರ, ಬೆಲೆಗಳ ಏರಿಳಿತ ಮತ್ತು ಹಿಂದಿನ ವಸೂಲಿಯ ಚರಿತ್ರೆಯನ್ನು ಗಮನಿಸಿ ಗ್ರಾಮಗಳ ಗುಂಪಿಗೆ ಪ್ರತ್ಯೇಕವಾಗಿ ನಿಶ್ಚಯಿಸಿ, ಸಾಮಾನ್ಯವಾಗಿ 30 ವರ್ಷಗಳಿಗೆ ಸ್ಥಿರಪಡಿಸುತ್ತಿದ್ದುದರಿಂದ, ದರ ಬದಲಾದರೂ ತರ ಕೆಡುತ್ತಿರಲಿಲ್ಲ.

ಆದರೆ ಆಳಕ್ಕೆ ದೊರೆತ ಪ್ರಾಧಾನ್ಯವು, ಮಣ್ಣು ಹಿಡಿದಿಟ್ಟ ತೇವವೇ ಬೆಳೆಗೆ ಆಧಾರವಾದ ಮಳೆಯಾಶ್ರಿತ ಬಯಲುಸೀಮೆಯ ಬೇಸಾಯದಿಂದ ಬಂದುದು; ತರಿ ಮತ್ತು ಬಾಗಾಯ್ತು ಜಮೀನುಗಳಲ್ಲಿ ನೀರಿನ ಲಭ್ಯತೆಯನ್ನು ಬೇರೆಯಾಗಿಯೇ ಗಣಿಸಬೇಕಾಯಿತು. ಜಮೀನಿನ ಬಳಕೆಯ ಸಾಮರ್ಥ್ಯವನ್ನು ಎಂಟು ವರ್ಗಗಳಲ್ಲಿ ಗುರುತಿಸುವ ಇಂದಿನ ವರ್ಗೀಕರಣವೂ ಆಳ, ಇಳಿಜಾರು, ಕಣರಚನೆ, ಬಸಿಯುವಿಕೆಗಳನ್ನೇ ಪರಿಶೀಲಿಸುತ್ತದೆಯಾದರೂ, ಯಾವ ಜಮೀನು ಸಾಗುವಳಿಗೆ ತಕ್ಕುದು, ಯಾವುದಕ್ಕೆ ಸಂರಕ್ಷಣೆ ಬೇಕು ಎಂಬುದು ಅದರ ಪ್ರಶ್ನೆ. ಆದ್ದರಿಂದ ಹಳೆಯ ಆಕಾರದ (ಕಂದಾಯ ನಿಗದಿಯ) ದಾಖಲೆಗಳನ್ನು ಮಣ್ಣಿನ ಚರಿತ್ರೆಗೆ ಆಕರವಾಗಿ ಬಳಸುವಾಗ, ಅಲ್ಲಿನ ಆಣೆಯನ್ನು ಫಲವತ್ತತೆಯ ನೇರ ಅಳತೆಯೆಂದು ಭಾವಿಸದೆ, ಕಂದಾಯದ ಹಂಚಿಕೆಗಾಗಿ ಮಾಡಿದ ಹೋಲಿಕೆಯೆಂದು ಓದುವುದು ಅಗತ್ಯ.