ಮಣ್ಣು ತಿನ್ನುವ ಪಾಂಡು

ಕಲ್ಯಾಣವೆಂದೊಡನೆ ನಮಗೆ ಶರಣರು ನೆನಪಾಗುತ್ತಾರೆ, ಬಿಜ್ಜಳನ ಭಂಡಾರ ನೆನಪಾಗುತ್ತದೆ. ಆ ಊರಿನಲ್ಲಿ ರೋಗಿಗಳೂ ಇದ್ದರು, ಅವರಿಗೆ ಮದ್ದು ಅರೆದುಕೊಡುವವರೂ ಇದ್ದರು ಎಂಬುದು ಮಾತ್ರ ಹೊಳೆಯುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಒಂದನೆಯ ಸೋಮೇಶ್ವರನ ಮಗ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ. ಅರಮನೆಯಲ್ಲಿ ಹುಟ್ಟಿದವನು ದನಗಳ ಬೇನೆಯನ್ನು ಕುರಿತು ಚಿಂತಿಸಿದನೆಂಬುದು ನನಗೆ ಎಷ್ಟೋ ದಿಗ್ವಿಜಯಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ (1129) ವೈದ್ಯಕ್ಕೆ ಸ್ಥಳ ದೊರೆತಿದೆ. ಶರಣರ ನಡುವೆ ವೈದ್ಯ ಸಂಗಣ್ಣನಿದ್ದ. ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ಆತ ಭವರೋಗದ ಮಾತನ್ನಾಡಿದ.

ಈ ವೈದ್ಯರ ಬೆನ್ನಿಗಿದ್ದ ಚರಕ, ಸುಶ್ರುತರ ಪರಂಪರೆ ರಕ್ತಹೀನತೆಯನ್ನು ಪಾಂಡುರೋಗವೆಂದು ಕರೆಯಿತು. ಚರಕಸಂಹಿತೆ ಹೇಳುವ ಐದು ಬಗೆಯ ಪಾಂಡುಗಳಲ್ಲಿ ಕೊನೆಯದು ಮಣ್ಣು ತಿನ್ನುವುದರಿಂದ ಬರುವಂಥದು. ಅದಕ್ಕೆ ಹೇಳಿದ ಮದ್ದುಗಳಲ್ಲಿ ನವಾಯಸ ಚೂರ್ಣವೂ ಒಂದು: ಒಂಬತ್ತು ಮೂಲಿಕೆಗಳು, ಅವೆಲ್ಲದರ ತೂಕಕ್ಕೆ ಸಮನಾಗಿ ಕಬ್ಬಿಣದ ಪುಡಿ. ಫ್ರಾನ್ಸಿನ ಬ್ಲೋ ಎಂಬ ವೈದ್ಯ ತನ್ನ ಹೆಸರಾಂತ ಕಬ್ಬಿಣದ ಗುಳಿಗೆಯನ್ನು ಪ್ರಕಟಿಸಿದ್ದು 1832ರಲ್ಲಿ.

ಇದನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ಹುಮನಾಬಾದಿನ ನಮ್ಮ ಮನೆಯಲ್ಲಿ ಅವ್ವ ನಾಲ್ಕು ಕೊಡ ನೀರು ತಂದರೆ ಗೋಡೆಗೊರಗಿ ಕೂಡುತ್ತಿದ್ದಳು. ಪೇಟೆಯ ವೈದ್ಯರೊಬ್ಬರು ರಕ್ತವನ್ನು ಪರೀಕ್ಷಿಸದೆಯೇ ‘ಶಕ್ತಿ’ಗೆಂದು ಸೂಜಿ ಚುಚ್ಚುತ್ತ ಬಂದರು. ನೆರೆಯವರು, ಕೆಟ್ಟ ರಕ್ತ ಸೇರಿದೆ, ಜಿಗಣೆ ಹಚ್ಚಿಸಿರಿ ಎಂದರು. ಜಿಗಣೆಯ ಚಿಕಿತ್ಸೆಯನ್ನು ನಾನು ಹಗುರವಾಗಿ ಕಾಣಲಾರೆ. ಸುಶ್ರುತ ಹನ್ನೆರಡು ಬಗೆಯ ಜಿಗಣೆಗಳನ್ನು ಹೇಳಿ, ಆರು ವಿಷವುಳ್ಳವು, ಆರು ವಿಷವಿಲ್ಲದವು ಎಂದು ವಿಂಗಡಿಸಿದ್ದಾನೆ. ಜಿಗಣೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ವಸ್ತುವಿದೆಯೆಂದು 1884ರಲ್ಲಿ ಹೇಕ್ರಾಫ್ಟ್ ತೋರಿಸಿಕೊಟ್ಟ. ಆದರೆ ಯಾರ ರಕ್ತವನ್ನು ತೆಗೆಯಬಾರದೆಂಬ ಪಟ್ಟಿಯನ್ನೂ ಅದೇ ಸುಶ್ರುತ ಕೊಟ್ಟಿದ್ದಾನೆ. ಕ್ಷೀಣಿಸಿದವರು, ಗರ್ಭಿಣಿಯರು, ಪಾಂಡುರೋಗಿಗಳು ಅದರಲ್ಲಿದ್ದಾರೆ. ನೆರೆಯವರ ಮಾತನ್ನು ಕೇಳಿದ್ದರೆ ಅವ್ವ ನಮಗೆ ಉಳಿಯುತ್ತಿದ್ದಳೋ ಇಲ್ಲವೋ.

ಬಸವಕಲ್ಯಾಣದಲ್ಲಿ ಬಳಗದ ಹಿರಿಯರೊಬ್ಬರು ಪಂಡಿತರು. ಅವರು ಅವ್ವನ ಕೆಳರೆಪ್ಪೆಯನ್ನು ಇಳಿಸಿ ನೋಡಿದರು, ಉಗುರು ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: “ಮಣ್ಣು ತಿಂತೀ ಏನವ್ವ?” ಅವ್ವ ತಲೆ ತಗ್ಗಿಸಿದಳು. ಹಿತ್ತಲ ಗೋಡೆಯಲ್ಲಿ ಒಂದು ತಗ್ಗು ಏಕೆ ದಿನದಿನಕ್ಕೆ ಬೆಳೆಯುತ್ತಿತ್ತೆಂಬುದು ನಮಗೆ ಆಗ ತಿಳಿಯಿತು.

ಪಂಡಿತರು ಮದ್ದು ಕೊಡಲಿಲ್ಲ. ರೆಪ್ಪೆ ನೋಡಿದರೆ ಕೊರತೆಯಿದೆಯೆಂದು ತಿಳಿದೀತು, ಎಷ್ಟೆಂಬುದು ತಿಳಿಯದು ಎಂದು ಹೇಳಿ ದವಾಖಾನೆಗೆ ಕಳುಹಿಸಿದರು. ಅಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 6 ಗ್ರಾಮಿಗೆ ಇಳಿದಿತ್ತು. ಕೊಕ್ಕೆಹುಳುವಿಗೆ ಮದ್ದು ಕೊಟ್ಟರು, ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ಕೊಟ್ಟರು.

ನಮ್ಮ ಬೀದರ ಸೀಮೆಯ ಜಂಬಿಟ್ಟಿಗೆ ಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದಿಂದಲೇ. ಕಬ್ಬಿಣವನ್ನು ತುಳಿದು ನಡೆಯುವವರಿಗೆ ರಕ್ತದಲ್ಲಿ ಕಬ್ಬಿಣದ ಕೊರತೆ! ಆದರೆ ಮಣ್ಣಿನ ಕಬ್ಬಿಣ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಜೇಡಿಯಾದರೆ ಅನ್ನದಲ್ಲಿದ್ದುದನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಮಣ್ಣಿನ ಬಯಕೆ ಎಷ್ಟೋ ವೇಳೆ ರೋಗದ ಕಾರಣವಲ್ಲ, ಅದರ ಕುರುಹು. ನಾವು ಅದನ್ನು ಹೆಂಗಸರ ಕೆಟ್ಟ ಚಾಳಿಯೆಂದು ಬೈಯುತ್ತ ಬಂದೆವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನ ರಕ್ತಹೀನರೆಂದು ಕಂಡುಬಂದಿತು.

ಗುಳಿಗೆ ಹಿಡಿದ ಮೇಲೆ ಅವ್ವನ ಬಯಕೆ ತಾನಾಗಿ ನಿಂತಿತು. ಮುಂದಿನ ದೀಪಾವಳಿಗೆ ಗೋಡೆ ಸಾರಿಸುವಾಗ ಆ ತಗ್ಗಿಗೆ ಮಣ್ಣು ಮೆತ್ತಿದವಳು ಅವಳೇ.