ಚಮಚ ಗಂಡು, ಫೋರ್ಕ್ ಹೆಣ್ಣು: ಜರ್ಮನ್ ಲಿಂಗಗಳ ಹಿಂದಿನ ಕತೆ

ಇವತ್ತಿನ ಕಂತನ್ನ ಊಟದ ಮೇಜಿನಿಂದ ಶುರು ಮಾಡೋಣ. ಜರ್ಮನ್ ಭಾಷೆಯಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಡೆರ್ ಲೊಫೆಲ್, ಡೀ ಗಾಬೆಲ್, ಡಾಸ್ ಮೆಸರ್. ಒಂದೇ ತಟ್ಟೆಯ ಪಕ್ಕದಲ್ಲಿರೋ ಮೂರು ಸಾಮಾನಿಗೆ ಮೂರು ಲಿಂಗ! ಓದೋಕೆ ಅಂತಲೋ, ನರ್ಸಿಂಗ್ ಕೆಲಸಕ್ಕೆ ಅಂತಲೋ ಜರ್ಮನಿಗೆ ಹೊರಟ ನಮ್ಮ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಎಡವೋದು ಇಲ್ಲಿ. ಸುಮ್ಮನೆ ಬಾಯಿಪಾಠ ಮಾಡಿ ಅಂತಾರೆ. ಆದರೆ ಇದು ಹೀಗ್ಯಾಕಾಯ್ತು ಅನ್ನೋದಕ್ಕೆ ಒಂದು ಇತಿಹಾಸ ಇದೆ. ಅದು ಗೊತ್ತಾದರೆ ಬಾಯಿಪಾಠದ ಭಾರ ಸ್ವಲ್ಪ ಇಳಿಯುತ್ತೆ.

ಈ ಗೋಳು ಹೊಸದೇನಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1880ರಲ್ಲಿ ತಮ್ಮ ಪ್ರವಾಸ ಪುಸ್ತಕದ ಕೊನೆಗೆ ಜರ್ಮನ್ ಭಾಷೆಯನ್ನ ಗೇಲಿ ಮಾಡೋ ಒಂದು ಪ್ರಬಂಧವನ್ನೇ ಸೇರಿಸಿದರು. ಗೆಡ್ಡೆ ತರಕಾರಿಗೆ ಸ್ತ್ರೀಲಿಂಗ ಕೊಟ್ಟು, ಹುಡುಗಿಗೆ ಮಾತ್ರ ನಪುಂಸಕಲಿಂಗ ಕೊಡೋ ಭಾಷೆ ಇದೆಂಥದ್ದು ಅನ್ನೋದು ಅವರ ತಮಾಷೆ. ಹೌದು, ಜರ್ಮನ್‌ನಲ್ಲಿ ಹುಡುಗಿ ‘ಡಾಸ್ ಮೆಡ್ಶೆನ್’.

ಇದು ಹೆಣ್ಣಿಗೆ ಮಾಡಿದ ಅವಮಾನವೇ? ಸ್ವಲ್ಪ ತಡೀರಿ. ‘ಮಗು ಅತ್ತಿತು’ ಅಂತ ನಾವೂ ಹೇಳ್ತೀವಲ್ಲ, ಮಗುವಿಗೆ ಅವಮಾನ ಆಯ್ತು ಅಂತ ಯಾರಿಗಾದರೂ ಅನ್ನಿಸಿದೆಯಾ? ಹವ್ಯಕ ಕನ್ನಡದಲ್ಲಿ ಪ್ರೀತಿಯ ಅಕ್ಕನಿಗೂ ‘ಅಕ್ಕ ಬಂತು’ ಅಂತಾರೆ. ವ್ಯಾಕರಣದ ಲಿಂಗ ಬೇರೆ, ದೇಹದ ಲಿಂಗ ಬೇರೆ. ಮೆಡ್ಶೆನ್ ಕತೆ ಇನ್ನೂ ಸರಳ. ಮೂಲ ಪದ ‘ಮಾಗ್ಟ್’, ಅದು ಸ್ತ್ರೀಲಿಂಗವೇ. ಅದಕ್ಕೆ ‘ಪುಟ್ಟ’ ಅನ್ನೋ ಅರ್ಥದ ‘ಶೆನ್’ ಪ್ರತ್ಯಯ ಸೇರಿತು. ಈ ಪ್ರತ್ಯಯ ಯಾವ ಪದಕ್ಕೆ ಅಂಟಿದರೂ ಅದನ್ನ ನಪುಂಸಕ ಮಾಡುತ್ತೆ. ಅಂದರೆ ಇಲ್ಲಿ ಲಿಂಗ ತೀರ್ಮಾನ ಮಾಡಿದ್ದು ಹುಡುಗಿಯಲ್ಲ, ಪದದ ಬಾಲ.

ಆದರೆ ಇಷ್ಟು ಸರಳವಾದದ್ದನ್ನ ದೊಡ್ಡ ಪಂಡಿತರೂ ಒಂದು ಕಾಲಕ್ಕೆ ಒಪ್ಪಿರಲಿಲ್ಲ. ಜಾನಪದ ಕತೆಗಳಿಂದ ನಮಗೆ ಪರಿಚಯ ಇರೋ ಯಾಕೋಬ್ ಗ್ರಿಮ್, ತಮ್ಮ ಜರ್ಮನ್ ವ್ಯಾಕರಣದ ಮೂರನೇ ಸಂಪುಟದಲ್ಲಿ, 1831ರಲ್ಲಿ, ಲಿಂಗ ಹುಟ್ಟಿದ್ದು ಪ್ರಾಚೀನರ ಕಲ್ಪನೆಯಿಂದ ಅಂದರು. ದೊಡ್ಡದು, ಗಟ್ಟಿಯಾದದ್ದು, ಚಟುವಟಿಕೆಯದು ಗಂಡು. ಸಣ್ಣದು, ಮೃದುವಾದದ್ದು, ಸುಮ್ಮನಿರುವುದು ಹೆಣ್ಣು. ಕೇಳೋಕೆ ಚೆಂದ, ಆದರೆ ಅದರೊಳಗೆ ಆ ಕಾಲದ ಗಂಡಸರ ನೋಟವೂ ಸೇರಿಕೊಂಡಿದೆ. 19ನೇ ಶತಮಾನದ ಕೊನೆಗೆ ಕಾರ್ಲ್ ಬ್ರುಗ್‌ಮನ್ ಎಂಬ ಭಾಷಾವಿಜ್ಞಾನಿ ಇದನ್ನ ಪ್ರಶ್ನಿಸಿದರು. ಪದಗಳನ್ನ ಗುಂಪು ಮಾಡಿದ್ದು ವಸ್ತುವಿನ ಗುಣ ಅಲ್ಲ, ಪದಗಳ ಕೊನೆಯ ರೂಪ ಅನ್ನೋದು ಅವರ ವಾದ.

ಇದಕ್ಕೆ ಸಾಕ್ಷಿ ಬೇಕಾದರೆ ಜರ್ಮನ್‌ನ ದೂರದ ಸಂಬಂಧಿ ಸಂಸ್ಕೃತ ಇದೆಯಲ್ಲ. ಅಲ್ಲಿ ಹೆಂಡತಿಗೆ ಮೂರು ಪದ: ‘ದಾರ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕ. ಒಬ್ಬಳೇ ಹೆಂಡತಿ, ಮೂರು ಲಿಂಗ! ಕನ್ನಡದ ದಾರಿಯೇ ಬೇರೆ. ನಮ್ಮಲ್ಲಿ ಹೆಚ್ಚಾಗಿ ಅರ್ಥ ನೋಡಿ ಲಿಂಗ ಹೇಳಬಹುದು. ಹುಡುಗಿ ಬಂದಳು, ಮೇಜು ಬಿತ್ತು. ಹಾಗಾಗಿ ಚಮಚಕ್ಕೆ ಯಾಕೆ ಪುಲ್ಲಿಂಗ ಅಂತ ತಲೆ ಕೆಡಿಸಿಕೊಳ್ಳೋದು ನಮಗೆ ಸಹಜ.

ಸರಿ, ಈ ಡೆರ್, ಡೀ, ಡಾಸ್ ಎಲ್ಲಿಂದ ಬಂದವು? ಸುಮಾರು 1,200 ವರ್ಷ ಹಿಂದಿನ ಹಳೆಯ ಜರ್ಮನ್‌ಗೆ ಹೋಗೋಣ. ಆಗ ನಾಲಗೆಗೆ ‘ತ್ಸುಂಗಾ’, ದೂತನಿಗೆ ‘ಬೊತೊ’, ಹೃದಯಕ್ಕೆ ‘ಹೆರ್ತ್ಸಾ’. ಪದದ ಕೊನೆಯ ಸ್ವರಗಳು ತುಂಬು ಸ್ವರಗಳು, ಲಿಂಗದ ಸುಳಿವನ್ನೂ ಎಷ್ಟೋ ಸಲ ಅವೇ ಕೊಡ್ತಿದ್ದವು. ಆದರೆ ಒತ್ತು ಪದದ ಮೊದಲ ಅಕ್ಷರದ ಮೇಲೆ ಬೀಳ್ತಿತ್ತು, ಕೊನೆಯ ಸ್ವರ ಸವೀತಾ ಬಂತು. ಕೆಲವು ಶತಮಾನ ಕಳೆಯೋ ಹೊತ್ತಿಗೆ ಮೂರೂ ‘ಎ’ ಕಾರದಲ್ಲಿ ಮುಗಿಯತೊಡಗಿದವು: ತ್ಸುಂಗೆ, ಬೋಟೆ, ಹೆರ್ತ್ಸೆ. ಯಾವುದು ಯಾವ ಲಿಂಗ ಅಂತ ಪದ ನೋಡಿ ಹೇಳೋ ಹಾಗಿರಲಿಲ್ಲ.

ಆ ಹೊತ್ತಿಗೆ ಇನ್ನೊಂದು ಬದಲಾವಣೆಯೂ ನಡೀತಿತ್ತು. ‘ಆ ಮನುಷ್ಯ’, ‘ಆ ನಾಲಗೆ’ ಅಂತ ಬೊಟ್ಟು ಮಾಡಿ ತೋರಿಸೋ ಪದಗಳು ಬಳಸಿ ಬಳಸಿ ಆರ್ಟಿಕಲ್ ಆಗಿದ್ದವು. ಬಾಲ ಕಳಕೊಂಡ ಪದದ ಲಿಂಗವನ್ನ ಹೊರೋ ಕೆಲಸ ಈ ಪುಟ್ಟ ಪದಗಳ ಹೆಗಲಿಗೆ ಬಿತ್ತು. ಪಕ್ಕದ ಇಂಗ್ಲಿಷ್‌ನಲ್ಲೂ ಹಳೆ ಕಾಲಕ್ಕೆ ಮೂರು ಲಿಂಗ ಇದ್ದವು. ಅಲ್ಲಿ ಬಾಲವೂ ಹೋಯ್ತು, ಆರ್ಟಿಕಲ್‌ನ ಭೇದವೂ ಹೋಯ್ತು, ‘ದಿ’ ಒಂದೇ ಉಳೀತು. ಜರ್ಮನ್ ಉಳಿಸಿಕೊಂಡಿತು, ಅದೂ ವಿಭಕ್ತಿ ಸಮೇತ. ಅದಕ್ಕೇ ‘ಚಮಚದಿಂದ’ ಅನ್ನುವಾಗ ಡೆರ್ ಹೋಗಿ ‘ಡೆಮ್’ ಆಗುತ್ತೆ, ‘ಫೋರ್ಕ್‌ನಿಂದ’ ಅನ್ನುವಾಗ ಡೀ ಹೋಗಿ ‘ಡೆರ್’ ಆಗುತ್ತೆ. ಡೆರ್ ಕಂಡಲ್ಲೆಲ್ಲ ಪುಲ್ಲಿಂಗ ಅಂದುಕೊಂಡವರು ಜಾರಿ ಬೀಳೋದು ಇಲ್ಲೇ.

ಹಾಗಾದರೆ ಕಲಿಯೋರು ಏನು ಮಾಡಬೇಕು? ವಸ್ತುವನ್ನ ನೋಡಬೇಡಿ, ಪದದ ಬಾಲ ನೋಡಿ. ‘ಉಂಗ್’, ‘ಹೈಟ್’, ‘ಕೈಟ್’, ‘ಶಾಫ್ಟ್’ ಪ್ರತ್ಯಯಗಳಿದ್ದರೆ ಡೀ. ‘ಶೆನ್’, ‘ಲೈನ್’ ಇದ್ದರೆ ಡಾಸ್. ವಾರ, ತಿಂಗಳು, ಋತುಗಳ ಹೆಸರು ಡೆರ್. 1980ರ ದಶಕದಲ್ಲಿ ಕೋಪ್ಕೆ ಮತ್ತು ಜೂಬಿನ್ ಎಂಬ ಸಂಶೋಧಕರು ಒಂದೇ ಉಚ್ಚಾರಾಂಶದ ಪುಟ್ಟ ಪದಗಳಲ್ಲೂ ಧ್ವನಿಗೂ ಲಿಂಗಕ್ಕೂ ನಂಟಿದೆ ಅಂತ ತೋರಿಸಿದರು. ‘ಕ್ನ್’ ಧ್ವನಿಯಿಂದ ಶುರುವಾಗೋ ಪದಗಳು ಹೆಚ್ಚಾಗಿ ಪುಲ್ಲಿಂಗ. ಮೊಣಕಾಲು, ಅಂದರೆ ‘ಡಾಸ್ ಕ್ನೀ’, ಅದಕ್ಕೆ ಅಪವಾದ. ಉಳಿದದ್ದಕ್ಕೆ ಒಂದೇ ದಾರಿ: ‘ಲೊಫೆಲ್’ ಅಂತ ಕಲೀಬೇಡಿ, ‘ಡೆರ್ ಲೊಫೆಲ್’ ಅಂತಲೇ ಕಲೀರಿ. ಸವೆದುಹೋದ ಬಾಲವನ್ನ ಮತ್ತೆ ಪದಕ್ಕೆ ಕಟ್ಟಿದ ಹಾಗೆ.

ತಪ್ಪಾದರೆ ನಾಚಿಕೆ ಬೇಡ. ಬೆಣ್ಣೆ ಪ್ರಮಾಣಿತ ಜರ್ಮನ್‌ನಲ್ಲಿ ಡೀ, ದಕ್ಷಿಣದ ಆಡುಮಾತಲ್ಲಿ ಡೆರ್. ಮೊಸರು ಜರ್ಮನಿಯಲ್ಲಿ ಡೆರ್, ಆಸ್ಟ್ರಿಯಾದಲ್ಲಿ ಡಾಸ್. ಜರ್ಮನ್ನರೇ ಬೆಣ್ಣೆ, ಮೊಸರಿನ ಲಿಂಗ ಒಪ್ಪಿಕೊಂಡಿಲ್ಲ ಅಂದಮೇಲೆ ನಮ್ಮದೇನು ಬಿಡಿ.